ಭಾರತದಲ್ಲಿ ವಿವಾಹದ ಕನಿಷ್ಠ ವಯಸ್ಸು ಮತ್ತು ಪೋಷಕರ ಅಧಿಕಾರ

ಭಾರತದಲ್ಲಿ ವಿವಾಹದ ಕನಿಷ್ಠ ವಯಸ್ಸು ಎಂಬುದು ಕಾನೂನುಬದ್ಧವಾಗಿ ಮದುವೆಯಾಗಲು ವಧೂವರರು ತಲುಪಿರಬೇಕಾದ ವಯೋಮಿತಿಯಾಗಿದೆ. ಪ್ರಸ್ತುತ ಈ ಮಿತಿಯು ಹೆಣ್ಣಿಗೆ 18 ವರ್ಷ ಮತ್ತು ಗಂಡಿಗೆ 21 ವರ್ಷ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯು ಇದಕ್ಕಿಂತ ಕಡಿಮೆ ವಯಸ್ಸಿನವರ ಮದುವೆಯನ್ನು ಬಾಲ್ಯವಿವಾಹವೆಂದು ಪರಿಗಣಿಸುತ್ತದೆ. ಮದುವೆಯನ್ನು ಏರ್ಪಡಿಸಿದ ಅಥವಾ ತಡೆಯದೆ ಹೋದ ತಂದೆತಾಯಿಗಳೂ ಈ ಕಾಯ್ದೆಯಡಿ ಶಿಕ್ಷೆಗೆ ಗುರಿಯಾಗುತ್ತಾರೆ.

ಮಕ್ಕಳ ಮದುವೆಯನ್ನು ಯಾವಾಗ, ಯಾರೊಡನೆ ಮಾಡಬೇಕೆಂಬುದನ್ನು ನಿರ್ಧರಿಸುವ ಅಧಿಕಾರವು ಭಾರತೀಯ ಸಮಾಜದಲ್ಲಿ ಬಹುಕಾಲ ಕುಟುಂಬದ ಹಿರಿಯರ ಕೈಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಶಾಸನಗಳು ಈ ಅಧಿಕಾರಕ್ಕೆ ಹಂತಹಂತವಾಗಿ ಎಲ್ಲೆ ಹಾಕುತ್ತ ಬಂದವು. ಪ್ರತಿಯೊಂದು ಹಂತದಲ್ಲಿಯೂ ತಂದೆಯ ಹಕ್ಕು, ಧರ್ಮಶಾಸ್ತ್ರದ ವಿಧಿ, ಸರಕಾರದ ಹೊಣೆ ಮತ್ತು ಮಗುವಿನ ಹಿತ ಇವುಗಳ ನಡುವೆ ವಾದವಿವಾದಗಳು ನಡೆದವು. ಈ ವಿವಾದವು ಇಂದಿಗೂ ಪೂರ್ಣವಾಗಿ ಮುಗಿದಿಲ್ಲ.

ಹಿನ್ನೆಲೆ

ಸಾಂಪ್ರದಾಯಿಕ ಹಿಂದೂ ಸಮಾಜದ ಅನೇಕ ಸಮುದಾಯಗಳಲ್ಲಿ ಹೆಣ್ಣುಮಗಳು ಋತುಮತಿಯಾಗುವ ಮುನ್ನವೇ ಆಕೆಯ ವಿವಾಹ ಮಾಡುವುದು ತಂದೆಯ ಕರ್ತವ್ಯವೆಂದು ಭಾವಿಸಲಾಗುತ್ತಿತ್ತು. ಕನ್ಯಾದಾನವೆಂಬ ಪದವೇ ಸೂಚಿಸುವಂತೆ ಇಲ್ಲಿ ಕೊಡುವವನು ತಂದೆ. ಕನ್ಯೆಯ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳುವ ಪದ್ಧತಿ ಇರಲಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿಯೂ ತಂದೆ ಅಥವಾ ತಂದೆಯ ತಂದೆಯು ಅಪ್ರಾಪ್ತ ಮಗುವಿನ ವಿವಾಹವನ್ನು ನಿಶ್ಚಯಿಸಬಹುದಾಗಿತ್ತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯು 21 ವರ್ಷ ತುಂಬದವರ ಮದುವೆಗೆ ತಂದೆಯ ಅಥವಾ ಪಾಲಕರ ಒಪ್ಪಿಗೆಯನ್ನು ಕೇಳುತ್ತಿತ್ತು.

1875ರ ಭಾರತೀಯ ಪ್ರಾಪ್ತವಯಸ್ಕತೆ ಕಾಯ್ದೆಯು 18 ವರ್ಷವನ್ನು ಪ್ರಾಪ್ತ ವಯಸ್ಸೆಂದು ನಿಗದಿಪಡಿಸಿತು. ಆದರೆ ವಿವಾಹ, ಮೆಹರ್, ವಿಚ್ಛೇದನ ಮತ್ತು ದತ್ತಕ ಈ ನಾಲ್ಕು ವಿಷಯಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೀಗಾಗಿ ಆಸ್ತಿಯನ್ನು ಮಾರಲು ಅರ್ಹತೆಯಿಲ್ಲದ ಬಾಲಕಿಯೂ ಪತ್ನಿಯಾಗಲು ಅಡ್ಡಿಯಿರಲಿಲ್ಲ.

ಬ್ರಿಟಿಷ್ ಆಡಳಿತದ ಮೊದಲ ಶಾಸನಗಳು

1860ರ ಭಾರತೀಯ ದಂಡ ಸಂಹಿತೆಯು ಸಮ್ಮತಿ ವಯಸ್ಸನ್ನು 10 ವರ್ಷವೆಂದು ಗೊತ್ತುಪಡಿಸಿತು. 10 ವರ್ಷದೊಳಗಿನ ಪತ್ನಿಯೊಡನೆ ದೇಹಸಂಬಂಧವು ಅತ್ಯಾಚಾರವೆನಿಸುತ್ತಿತ್ತು. ಈ ನಿಯಮವು ಮದುವೆಯನ್ನು ತಡೆಯಲಿಲ್ಲ. ಪತಿಗೆ ಮಾತ್ರ ಮಿತಿ ಹೇರಿತು. ತಂದೆಯ ಅಧಿಕಾರವನ್ನು ಅದು ಮುಟ್ಟಲಿಲ್ಲ.

ಮದುವೆಗೇ ವಯೋಮಿತಿಯನ್ನು ವಿಧಿಸಿದ ಮೊದಲ ಪ್ರಮುಖ ಶಾಸನವೆಂದರೆ ಬ್ರಹ್ಮಸಮಾಜದ ನಾಯಕ ಕೇಶವಚಂದ್ರ ಸೇನರ ಪ್ರಯತ್ನದಿಂದ ಬಂದ 1872ರ ವಿಶೇಷ ವಿವಾಹ ಕಾಯ್ದೆ. ಇದರಡಿ ವಧುವಿಗೆ 14, ವರನಿಗೆ 18 ವರ್ಷ ತುಂಬಿರಬೇಕಿತ್ತು. 21 ವರ್ಷದೊಳಗಿನವರಿಗೆ ತಂದೆಯ ಅಥವಾ ಪಾಲಕರ ಸಮ್ಮತಿ ಅಗತ್ಯವಾಗಿತ್ತು. ಆದರೆ ಈ ಕಾಯ್ದೆಯಡಿ ಮದುವೆಯಾಗಲು ಬಯಸುವವರಿಗಷ್ಟೇ ಅದು ಅನ್ವಯಿಸುತ್ತಿತ್ತು. 1878ರಲ್ಲಿ ಸ್ವತಃ ಕೇಶವಚಂದ್ರ ಸೇನರು 14 ವರ್ಷ ತುಂಬದ ತಮ್ಮ ಮಗಳು ಸುನೀತಿದೇವಿಯನ್ನು ಕೂಚ್ ಬಿಹಾರದ ಮಹಾರಾಜರಿಗೆ ವಿವಾಹ ಮಾಡಿಕೊಟ್ಟರು. ಇದರಿಂದ ಅವರ ಅನುಯಾಯಿಗಳಲ್ಲಿ ಒಡಕುಂಟಾಗಿ ಅದೇ ವರ್ಷ ಸಾಧಾರಣ ಬ್ರಹ್ಮಸಮಾಜವು ಸ್ಥಾಪನೆಯಾಯಿತು. ಸುಧಾರಕನ ಸಾರ್ವಜನಿಕ ನಿಲುವಿಗೂ ತಂದೆಯ ಮನೆಯೊಳಗಣ ತೀರ್ಮಾನಕ್ಕೂ ಇರಬಹುದಾದ ಅಂತರಕ್ಕೆ ಈ ಘಟನೆಯನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ರುಖ್ಮಾಬಾಯಿ ಪ್ರಕರಣ

ಪಾರ್ಸಿ ಪತ್ರಕರ್ತ ಬೆಹ್ರಾಮ್‌ಜಿ ಮಲಬಾರಿ 1884ರಲ್ಲಿ ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯ ಕುರಿತು ಟಿಪ್ಪಣಿಗಳನ್ನು ಪ್ರಕಟಿಸಿ ಸರಕಾರದ ಮಧ್ಯಪ್ರವೇಶವನ್ನು ಕೋರಿದರು. ಅದೇ ವರ್ಷ ಬಾಂಬೆ ಹೈಕೋರ್ಟಿನಲ್ಲಿ ದಾದಾಜಿ ಭಿಕಾಜಿ ಎಂಬವರು ತಮ್ಮ ಪತ್ನಿ ರುಖ್ಮಾಬಾಯಿಯ ವಿರುದ್ಧ ದಾವೆ ಹೂಡಿದರು. 11ನೆಯ ವಯಸ್ಸಿನಲ್ಲಿ ಮದುವೆಯಾಗಿ ತವರಿನಲ್ಲಿಯೇ ಬೆಳೆದ ರುಖ್ಮಾಬಾಯಿಯವರು, ತಿಳಿವಳಿಕೆ ಬರುವ ಮುನ್ನ ಹಿರಿಯರು ಮಾಡಿದ ವಿವಾಹಕ್ಕೆ ತಾವು ಬದ್ಧರಲ್ಲವೆಂಬ ನಿಲುವು ತಳೆದು ಪತಿಗೃಹಕ್ಕೆ ಹೋಗಲು ನಿರಾಕರಿಸಿದರು.

1885ರಲ್ಲಿ ನ್ಯಾಯಮೂರ್ತಿ ಪಿನ್ಹೆಯವರು ಆಕೆಯ ಪರವಾಗಿ ತೀರ್ಪಿತ್ತರು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. 1887ರಲ್ಲಿ ನ್ಯಾಯಮೂರ್ತಿ ಫಾರನ್ ಅವರು, ಪತಿಯೊಡನೆ ವಾಸಿಸಬೇಕು ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕು ಎಂದು ಆದೇಶಿಸಿದಾಗ ರುಖ್ಮಾಬಾಯಿ ಸೆರೆವಾಸಕ್ಕೆ ಸಿದ್ಧರಾದರು. 1888ರಲ್ಲಿ 2,000 ರೂಪಾಯಿಗಳಿಗೆ ರಾಜಿಯಾಗಿ ಪ್ರಕರಣ ಕೊನೆಗೊಂಡಿತು. ಅನಂತರ ಆಕೆ ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದು ಭಾರತದ ಮೊದಲ ತಲೆಮಾರಿನ ವೃತ್ತಿನಿರತ ವೈದ್ಯೆಯರಲ್ಲಿ ಒಬ್ಬರಾದರು. ಹಿರಿಯರ ಒಪ್ಪಿಗೆಯು ಮಗುವಿನ ಒಪ್ಪಿಗೆಗೆ ಸಮವೇ ಎಂಬ ಪ್ರಶ್ನೆಯು ಈ ಪ್ರಕರಣದಿಂದ ದೇಶದಾದ್ಯಂತ ಚರ್ಚೆಗೆ ಬಂದಿತು.

ಸಮ್ಮತಿ ವಯಸ್ಸಿನ ಕಾಯ್ದೆ, 1891

1890ರಲ್ಲಿ ಕಲ್ಕತ್ತೆಯಲ್ಲಿ ವಿಚಾರಣೆಗೆ ಬಂದ ಫೂಲ್‌ಮೋನಿ ದಾಸಿ ಪ್ರಕರಣವು ಜನಮನವನ್ನು ಕಲಕಿತು. ಸುಮಾರು 11 ವರ್ಷದ ಆ ಬಾಲಕಿಯು ತನಗಿಂತ ಬಹಳ ಹಿರಿಯನಾದ ಪತಿಯ ದೇಹಸಂಪರ್ಕದಿಂದಾದ ಗಾಯಗಳಿಂದ ಮರಣ ಹೊಂದಿದ್ದಳು. ಆಕೆಗೆ 10 ವರ್ಷ ತುಂಬಿದ್ದ ಕಾರಣ ಅಂದಿನ ಕಾನೂನಿನಂತೆ ಅದು ಅತ್ಯಾಚಾರವೆನಿಸಲಿಲ್ಲ. ಪತಿಗೆ ಒಂದು ವರ್ಷದ ಕಠಿಣ ಸೆರೆವಾಸವಷ್ಟೇ ಆಯಿತು.

1891ರ ಜನವರಿ 9ರಂದು ಸರ್ ಆಂಡ್ರ್ಯೂ ಸ್ಕೋಬಲ್ ಅವರು ಸಮ್ಮತಿ ವಯಸ್ಸನ್ನು 12ಕ್ಕೆ ಏರಿಸುವ ಮಸೂದೆಯನ್ನು ಮಂಡಿಸಿದರು. ಗರ್ಭಾದಾನ ಸಂಸ್ಕಾರಕ್ಕೆ ಇದು ಅಡ್ಡಿಯಾಗುವುದೆಂದು ಬಂಗಾಳ ಮತ್ತು ಮಹಾರಾಷ್ಟ್ರಗಳಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ಬಾಲಗಂಗಾಧರ ತಿಲಕರು ಪರಕೀಯ ಸರಕಾರವು ಕಾನೂನಿನ ಮೂಲಕ ಸಮಾಜವನ್ನು ತಿದ್ದುವುದನ್ನು ಒಪ್ಪಲಿಲ್ಲ. ಸುಧಾರಣೆಯು ಶಿಕ್ಷಣದಿಂದ, ಸಮಾಜದ ಒಳಗಿನಿಂದಲೇ ಬರಬೇಕೆಂದು ವಾದಿಸಿದರು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್, ಕೆ. ಟಿ. ತೆಲಂಗ್ ಮುಂತಾದವರು ಮಸೂದೆಯನ್ನು ಬೆಂಬಲಿಸಿದರು. ಭಂಡಾರ್ಕರ್ ಅವರು ಧರ್ಮಶಾಸ್ತ್ರಗ್ರಂಥಗಳ ಆಧಾರದಿಂದಲೇ ವಿರೋಧಿಗಳ ವಾದಕ್ಕೆ ಉತ್ತರ ನೀಡಿದರು. 1891ರ ಮಾರ್ಚ್ 19ರಂದು ಮಸೂದೆಯು ಅಂಗೀಕಾರವಾಯಿತು. 1925ರ ತಿದ್ದುಪಡಿಯು ಈ ಮಿತಿಯನ್ನು ವಿವಾಹದೊಳಗೆ 13ಕ್ಕೂ ವಿವಾಹದ ಹೊರಗೆ 14ಕ್ಕೂ ಹೆಚ್ಚಿಸಿತು.

ದೇಶೀಯ ಸಂಸ್ಥಾನಗಳು ಮತ್ತು ಮೈಸೂರು

ಬ್ರಿಟಿಷ್ ಸರಕಾರವು ವಿವಾಹದ ವಯಸ್ಸಿನ ವಿಷಯಕ್ಕೆ ಕೈಹಾಕಲು ಹಿಂಜರಿಯುತ್ತಿದ್ದ ಕಾಲದಲ್ಲಿಯೇ ಕೆಲವು ದೇಶೀಯ ಸಂಸ್ಥಾನಗಳು ಮುಂದಡಿಯಿಟ್ಟವು. ಮೈಸೂರು ಸಂಸ್ಥಾನವು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅವಧಿಯಲ್ಲಿ, 1894ರಲ್ಲಿ, ಶಿಶುವಿವಾಹ ತಡೆ ಶಾಸನವನ್ನು ಜಾರಿಗೆ ತಂದಿತು. ಇದು 8 ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನೂ, 50 ವರ್ಷ ದಾಟಿದ ಪುರುಷರು 14 ವರ್ಷದೊಳಗಿನ ಬಾಲಕಿಯರನ್ನು ಮದುವೆಯಾಗುವುದನ್ನೂ ದಂಡನಾರ್ಹಗೊಳಿಸಿತು. ಇಂದಿನ ದೃಷ್ಟಿಗೆ 8 ವರ್ಷವೆಂಬುದು ತೀರ ಕೆಳಗಿನ ಮಿತಿಯಾಗಿ ಕಂಡರೂ, ಮಗಳ ಮದುವೆ ಮಾಡಿಸಿದ ತಂದೆಯನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬಹುದೆಂಬ ತತ್ತ್ವವನ್ನು ಈ ಶಾಸನವು ಸ್ಥಾಪಿಸಿತು. ಬರೋಡಾ ಸಂಸ್ಥಾನದಲ್ಲಿ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1904ರಲ್ಲಿ ಹೆಣ್ಣಿಗೆ 12, ಗಂಡಿಗೆ 16 ವರ್ಷಗಳ ಮಿತಿಯನ್ನು ವಿಧಿಸಿದರು.

ಶಾರದಾ ಕಾಯ್ದೆ, 1929

ಅಜ್ಮೇರಿನ ಹರಬಿಲಾಸ ಶಾರದಾ ಅವರು 1927ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಯು ಆರಂಭದಲ್ಲಿ ಹಿಂದೂಗಳಿಗೆ ಮಾತ್ರ ಸಂಬಂಧಿಸಿತ್ತು. ಪರಿಶೀಲನೆಯ ಹಂತದಲ್ಲಿ ಅದನ್ನು ಎಲ್ಲ ಸಮುದಾಯಗಳಿಗೂ ವಿಸ್ತರಿಸಲಾಯಿತು. 1928ರಲ್ಲಿ ಸರ್ ಮೋರೋಪಂತ ವಿಶ್ವನಾಥ ಜೋಶಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮ್ಮತಿ ವಯಸ್ಸಿನ ಸಮಿತಿಯು ಸಾರ್ವಜನಿಕರ ಹೇಳಿಕೆಗಳನ್ನು ಸಂಗ್ರಹಿಸಿತು. ಪತಿಯ ವಿರುದ್ಧ ಬಾಲಪತ್ನಿಯಾಗಲಿ ಆಕೆಯ ತವರಿನವರಾಗಲಿ ದೂರು ಕೊಡುವುದು ಅಸಂಭವವಾದ್ದರಿಂದ ಸಮ್ಮತಿ ವಯಸ್ಸನ್ನು ಹೆಚ್ಚಿಸಿದರಷ್ಟೇ ಸಾಲದು, ಮದುವೆಯ ವಯಸ್ಸನ್ನೇ ನಿಗದಿಪಡಿಸಬೇಕೆಂಬುದು ಸಮಿತಿಯ ಶಿಫಾರಸಿನ ಸಾರವಾಗಿತ್ತು. ಅಖಿಲ ಭಾರತ ಮಹಿಳಾ ಸಮ್ಮೇಳನವೂ, ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರೂ ಮಸೂದೆಯ ಪರವಾಗಿ ಶ್ರಮಿಸಿದರು.

ಬಾಲ್ಯವಿವಾಹ ನಿರ್ಬಂಧ ಕಾಯ್ದೆಯು 1929ರ ಸೆಪ್ಟೆಂಬರ್ 28ರಂದು ಅಂಗೀಕಾರಗೊಂಡು 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಜನರು ಇದನ್ನು ಶಾರದಾ ಕಾಯ್ದೆ ಎಂದೇ ಕರೆದರು. ಇದರ ಮುಖ್ಯ ಅಂಶಗಳು:

- ಹೆಣ್ಣಿಗೆ 14 ಮತ್ತು ಗಂಡಿಗೆ 18 ವರ್ಷಗಳ ಮಿತಿ.
- ಮದುವೆ ಮಾಡಿಸಿದ ತಂದೆತಾಯಿ ಅಥವಾ ಪಾಲಕರಿಗೆ ಒಂದು ತಿಂಗಳವರೆಗೆ ಸಾದಾ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ತ್ರೀಯರಿಗೆ ಸೆರೆವಾಸದಿಂದ ವಿನಾಯಿತಿ.
- ಅಪ್ರಾಪ್ತ ಮಗುವಿನ ಮದುವೆ ನಡೆದಿದ್ದರೆ ಪೋಷಕರು ನಿರ್ಲಕ್ಷ್ಯದಿಂದ ಅದನ್ನು ತಡೆಯಲಿಲ್ಲವೆಂದೇ ನ್ಯಾಯಾಲಯವು ಮೊದಲಿಗೆ ಭಾವಿಸುವುದು. ಹಾಗಲ್ಲವೆಂದು ರುಜುವಾತು ಮಾಡುವ ಹೊಣೆ ಅವರದೇ.
- ಒಂದು ವರ್ಷದೊಳಗೆ ಯಾರಾದರೂ ದೂರು ನೀಡಿದರೆ ಮಾತ್ರ ವಿಚಾರಣೆ. ದೂರುದಾರನಿಂದಲೇ 100 ರೂಪಾಯಿವರೆಗೆ ಭದ್ರತೆ ಕೇಳಲು ಅವಕಾಶ.

ಕಾಯ್ದೆಯು ನಿಯಮ ಮೀರಿದವರನ್ನು ಶಿಕ್ಷಿಸುತ್ತಿತ್ತೇ ಹೊರತು ನಡೆದ ಮದುವೆಯನ್ನು ರದ್ದುಪಡಿಸುತ್ತಿರಲಿಲ್ಲ. ಅಂಗೀಕಾರಕ್ಕೂ ಜಾರಿಗೂ ನಡುವೆ ದೊರೆತ ಆರು ತಿಂಗಳ ಅವಧಿಯಲ್ಲಿ ದೇಶದ ನಾನಾ ಕಡೆಗಳಲ್ಲಿ ಅವಸರದಿಂದ ಬಾಲ್ಯವಿವಾಹಗಳು ನಡೆದವು. ಕಾಯ್ದೆಯು ಬ್ರಿಟಿಷ್ ಭಾರತಕ್ಕೆ ಸೀಮಿತವಾಗಿದ್ದುದರಿಂದ ಕನ್ನಡ ನಾಡಿನಲ್ಲಿ ವಿಚಿತ್ರ ಪರಿಸ್ಥಿತಿ ಏರ್ಪಟ್ಟಿತು. ಬಾಂಬೆ ಪ್ರಾಂತ್ಯದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳಿಗೂ, ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೂ ಈ ಕಾಯ್ದೆ ಅನ್ವಯಿಸುತ್ತಿದ್ದರೆ, ನೆರೆಯ ಮೈಸೂರು, ಹೈದರಾಬಾದು ಸಂಸ್ಥಾನಗಳು ಅದರ ವ್ಯಾಪ್ತಿಯ ಹೊರಗಿದ್ದವು. 1938ರ ತಿದ್ದುಪಡಿಯಿಂದ ಮದುವೆಗೆ ಮುನ್ನ ತಡೆಯಾಜ್ಞೆ ನೀಡುವ ಅಧಿಕಾರವು ನ್ಯಾಯಾಲಯಗಳಿಗೆ ದೊರೆಯಿತು.

ಸ್ವಾತಂತ್ರ್ಯಾನಂತರ: ಪೋಷಕರ ಸಮ್ಮತಿಯಿಂದ ವಯೋಮಿತಿಯವರೆಗೆ

1949ರಲ್ಲಿ ಹೆಣ್ಣಿನ ವಿವಾಹ ವಯಸ್ಸನ್ನು 15ಕ್ಕೆ ಏರಿಸಲಾಯಿತು. 1955ರ ಹಿಂದೂ ವಿವಾಹ ಕಾಯ್ದೆಯು ಹೆಣ್ಣಿಗೆ 15, ಗಂಡಿಗೆ 18 ವರ್ಷಗಳ ಮಿತಿಯನ್ನೇ ಉಳಿಸಿಕೊಂಡಿತು. ಜೊತೆಗೆ, ವಧುವಿಗೆ 18 ವರ್ಷ ತುಂಬಿರದಿದ್ದರೆ ಪಾಲಕರ ಸಮ್ಮತಿ ಬೇಕೆಂದು ವಿಧಿಸಿತು. ಸಮ್ಮತಿ ನೀಡಬಹುದಾದ ಪಾಲಕರ ಅನುಕ್ರಮವು ಅದರ 6ನೆಯ ಪ್ರಕರಣದಲ್ಲಿತ್ತು. ಮೊದಲ ಸ್ಥಾನ ತಂದೆಗೆ, ಅನಂತರ ತಾಯಿಗೆ. ಅಂದರೆ 15ರಿಂದ 18ರವರೆಗಿನ ಮೂರು ವರ್ಷಗಳು ಪೋಷಕರ ವಿವೇಚನೆಗೆ ಬಿಟ್ಟ ಅವಧಿಯಾಗಿದ್ದವು.

1978ರ ತಿದ್ದುಪಡಿಯು ವಿವಾಹದ ವಯಸ್ಸನ್ನು ಹೆಣ್ಣಿಗೆ 18, ಗಂಡಿಗೆ 21 ಎಂದು ಹೆಚ್ಚಿಸಿತು. ಪ್ರಾಪ್ತ ವಯಸ್ಸೂ ವಿವಾಹದ ವಯಸ್ಸೂ ಹೆಣ್ಣಿನ ವಿಷಯದಲ್ಲಿ ಒಂದೇ ಆದ್ದರಿಂದ ಪಾಲಕರ ಸಮ್ಮತಿಯ ನಿಯಮಗಳು ಹಿಂದೂ ವಿವಾಹ ಕಾಯ್ದೆಯಿಂದ ತೆಗೆಯಲ್ಪಟ್ಟವು. 18ರ ಮೊದಲು ಪೋಷಕರು ಒಪ್ಪಿದರೂ ಮದುವೆ ಸಲ್ಲದು, 18ರ ಅನಂತರ ಅವರು ಒಪ್ಪದಿದ್ದರೂ ಮದುವೆ ನಿಲ್ಲದು ಎಂಬ ಸ್ಥಿತಿಯು ಹೀಗೆ ರೂಪುಗೊಂಡಿತು.

ಬಾಲ್ಯದಲ್ಲಿ ಮದುವೆಯಾದ ಹೆಣ್ಣಿಗೆ ಆ ಬಂಧನವನ್ನು ನಿರಾಕರಿಸುವ ಅವಕಾಶಗಳನ್ನೂ ಶಾಸನಗಳು ಕಲ್ಪಿಸಿದವು. 1939ರ ಮುಸ್ಲಿಂ ವಿವಾಹಗಳ ವಿಸರ್ಜನೆ ಕಾಯ್ದೆಯಂತೆ, 15 ವರ್ಷದೊಳಗೆ ತಂದೆ ಅಥವಾ ಪಾಲಕರು ಮಾಡಿಕೊಟ್ಟ ಮದುವೆಯನ್ನು, ದಾಂಪತ್ಯ ಆರಂಭವಾಗಿರದಿದ್ದರೆ, 18 ತುಂಬುವ ಮುನ್ನ ಆಕೆ ನಿರಾಕರಿಸಬಹುದು. 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೂ ಇದೇ ಬಗೆಯ ಅವಕಾಶವನ್ನು ಸೇರಿಸಲಾಯಿತು.

ಬಾಲ್ಯವಿವಾಹ ನಿಷೇಧ ಕಾಯ್ದೆ, 2006

2007ರ ನವೆಂಬರ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯು ಶಾರದಾ ಕಾಯ್ದೆಯ ಸ್ಥಾನವನ್ನು ಪಡೆಯಿತು. ಬಾಲ್ಯವಿವಾಹವನ್ನು ಏರ್ಪಡಿಸುವ, ನೆರವೇರಿಸುವ, ಉತ್ತೇಜಿಸುವ ಎಲ್ಲರಿಗೂ ಎರಡು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವನ್ನು ಇದು ವಿಧಿಸುತ್ತದೆ. ಅಪರಾಧವು ಸಂಜ್ಞೇಯವೂ ಜಾಮೀನುರಹಿತವೂ ಆಗಿದೆ. ಪೋಷಕರ ನಿರ್ಲಕ್ಷ್ಯದ ಪೂರ್ವಭಾವನೆಯೂ, ಸ್ತ್ರೀಯರಿಗೆ ಸೆರೆವಾಸದ ವಿನಾಯಿತಿಯೂ ಮುಂದುವರಿದಿವೆ. ಬಾಲ್ಯವಿವಾಹ ನಿಷೇಧಾಧಿಕಾರಿಗಳ ನೇಮಕಕ್ಕೆ ಅವಕಾಶವಿದೆ. ಅಕ್ಷಯ ತೃತೀಯದಂತಹ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹಗಳನ್ನು ತಡೆಯಲು ಜಿಲ್ಲಾ ದಂಡಾಧಿಕಾರಿಗೆ ನಿಷೇಧಾಧಿಕಾರಿಯ ಅಧಿಕಾರಗಳೆಲ್ಲವೂ ಇರುತ್ತವೆ.

ಮದುವೆಯ ಸಿಂಧುತ್ವದ ವಿಷಯದಲ್ಲಿ ಕಾಯ್ದೆಯು ಎರಡು ದಾರಿಗಳನ್ನು ಅನುಸರಿಸುತ್ತದೆ. ಸಾಮಾನ್ಯವಾಗಿ ಬಾಲ್ಯವಿವಾಹವು ತಾನಾಗಿ ಅಸಿಂಧುವಲ್ಲ. ಬಾಲ್ಯದಲ್ಲಿ ಮದುವೆಯಾದ ವ್ಯಕ್ತಿಯು ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಅದನ್ನು ರದ್ದುಪಡಿಸಿಕೊಳ್ಳಬಹುದು. ಆದರೆ ಮಗುವನ್ನು ಕಾನೂನುಬದ್ಧ ಪಾಲಕರ ವಶದಿಂದ ಒಯ್ದು ಅಥವಾ ಪುಸಲಾಯಿಸಿ ಮಾಡಿದ ಮದುವೆ, ಬಲವಂತದ ಮದುವೆ, ಮಾರಾಟ ಅಥವಾ ಸಾಗಣೆಗಾಗಿ ಮಾಡಿದ ಮದುವೆ ಮತ್ತು ತಡೆಯಾಜ್ಞೆಯನ್ನು ಮೀರಿ ನಡೆದ ಮದುವೆ ಇವು ಮೊದಲಿನಿಂದಲೇ ಅಸಿಂಧು. ಇದರಿಂದ, ಪೋಷಕರೇ ನಿಂತು ಮಾಡಿಸಿದ ಬಾಲ್ಯವಿವಾಹವು ರದ್ದಾಗುವವರೆಗೆ ಉಳಿಯುತ್ತದೆ. ಅವರಿಗೆ ತಿಳಿಯದಂತೆ ನಡೆದದ್ದು ಉಳಿಯುವುದಿಲ್ಲ. ಪೋಷಕರನ್ನು ಶಿಕ್ಷಿಸುವ ಕಾಯ್ದೆಯೇ ಅವರ ಅಧಿಕಾರವನ್ನು ಒಂದು ಮಟ್ಟಿಗೆ ಮನ್ನಿಸಿದೆಯೆಂದು ವಿಮರ್ಶಕರು ಹೇಳುತ್ತಾರೆ.

ಅರ್ಜಿದಾರರು ಇನ್ನೂ ಅಪ್ರಾಪ್ತರಾಗಿದ್ದರೆ ಪಾಲಕರ ಅಥವಾ ಹಿತೈಷಿಯೊಬ್ಬರ ಮೂಲಕ, ನಿಷೇಧಾಧಿಕಾರಿಯ ಜೊತೆಗೂಡಿ ಅರ್ಜಿ ಸಲ್ಲಿಸಬೇಕು. ಮದುವೆ ಮಾಡಿಸಿದವರೇ ಪಾಲಕರಾಗಿರುವ ಸಂದರ್ಭಗಳಲ್ಲಿ ಇದು ಸುಲಭವಲ್ಲ. ಮದುವೆ ರದ್ದಾದಾಗ ಹೆಣ್ಣಿನ ಜೀವನಾಂಶ, ವಾಸಸ್ಥಳ ಮತ್ತು ಮಕ್ಕಳ ಪಾಲನೆಯ ಬಗ್ಗೆ ನ್ಯಾಯಾಲಯ ಆದೇಶಿಸಬಹುದು; ಪತಿಯೂ ಅಪ್ರಾಪ್ತನಾಗಿದ್ದರೆ ಜೀವನಾಂಶದ ಹೊಣೆ ಅವನ ತಂದೆತಾಯಿಗಳದು. ಅಂತಹ ವಿವಾಹದಲ್ಲಿ ಹುಟ್ಟಿದ ಮಕ್ಕಳು ಕಾನೂನುಬದ್ಧ ಸಂತತಿಯೆನಿಸುತ್ತಾರೆ.

2015ರ ಬಾಲನ್ಯಾಯ ಕಾಯ್ದೆಯು, ವಯಸ್ಸಿಗೆ ಮುನ್ನ ಮದುವೆಯಾಗುವ ಅಪಾಯದಲ್ಲಿದ್ದು ಪೋಷಕರೇ ಅದಕ್ಕೆ ಕಾರಣರಾಗುವ ಸಂಭವವಿರುವ ಮಗುವನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂದು ಪರಿಗಣಿಸುತ್ತದೆ. ಅಂತಹ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಗುತ್ತದೆ.

ಕರ್ನಾಟಕದ ತಿದ್ದುಪಡಿ

ಕರ್ನಾಟಕ ಹೈಕೋರ್ಟಿನಲ್ಲಿ ನಡೆದ ಸಾರ್ವಜನಿಕ ಹಿತಾಸಕ್ತಿ ಪ್ರಕರಣವೊಂದರ ಫಲವಾಗಿ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಅಧ್ಯಕ್ಷತೆಯ ಸಮಿತಿಯು ರಚನೆಗೊಂಡು 2011ರಲ್ಲಿ ವರದಿ ನೀಡಿತು. ಇದರ ಹಿನ್ನೆಲೆಯಲ್ಲಿ ರಾಜ್ಯ ವಿಧಾನಮಂಡಲವು 2016ರಲ್ಲಿ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಅಂಕಿತವು 2017ರಲ್ಲಿ ದೊರೆಯಿತು. ಇದರಂತೆ ತಿದ್ದುಪಡಿಯ ಅನಂತರ ರಾಜ್ಯದಲ್ಲಿ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು. ತಪ್ಪಿತಸ್ಥರಿಗೆ ಕನಿಷ್ಠ ಒಂದು ವರ್ಷದ ಕಠಿಣ ಸೆರೆವಾಸವನ್ನು ಗೊತ್ತುಪಡಿಸಲಾಗಿದೆ. ದೂರಿಗಾಗಿ ಕಾಯದೆ ಪೊಲೀಸರು ಸ್ವಯಂಪ್ರೇರಿತವಾಗಿ ಕ್ರಮ ಕೈಗೊಳ್ಳಬಹುದು.

ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರ್ 11ರ ತೀರ್ಪಿನಲ್ಲಿ ಕರ್ನಾಟಕದ ಈ ಕ್ರಮವನ್ನು ಶ್ಲಾಘಿಸಿ, ಇತರ ರಾಜ್ಯಗಳೂ ಅನುಸರಿಸುವುದು ಸೂಕ್ತವೆಂದು ಅಭಿಪ್ರಾಯಪಟ್ಟಿತು. ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ ಅವರಿದ್ದ ಪೀಠವು ನೀಡಿದ ಈ ತೀರ್ಪು, ವಿವಾಹದೊಳಗಿನ ಸಮ್ಮತಿ ವಯಸ್ಸನ್ನು 15ರಿಂದ 18ಕ್ಕೆ ಏರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೇ ಮಿತಿಯಿದೆ.

ಪರವಿರೋಧ ವಾದಗಳು

ಪೋಷಕರ ಅಧಿಕಾರದ ಪರವಾಗಿ: ಮಗುವನ್ನು ಹೆತ್ತು ಸಾಕಿದವರಿಗೆ ಅದರ ಸ್ವಭಾವ, ಆರೋಗ್ಯ ಮತ್ತು ಮನೆಯ ಪರಿಸ್ಥಿತಿ ಸರಕಾರಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ ಎಂಬುದು ಮೂಲ ವಾದ. ವಿವಾಹವು ಧಾರ್ಮಿಕ ಸಂಸ್ಕಾರವಾದ್ದರಿಂದ ಅದರಲ್ಲಿ ರಾಜ್ಯದ ಪ್ರವೇಶ ಸಲ್ಲದೆಂಬುದು 1891 ಮತ್ತು 1929ರ ವಿರೋಧಗಳ ಆಧಾರವಾಗಿತ್ತು. ಬಡತನ, ಹೈಸ್ಕೂಲು ದೂರವಿರುವುದು, ಮಗಳ ಸುರಕ್ಷತೆಯ ಭಯ, ವಯಸ್ಸು ಹೆಚ್ಚಿದಂತೆ ಏರುವ ವರದಕ್ಷಿಣೆ, ಅಕ್ಕತಂಗಿಯರ ಮದುವೆಯನ್ನು ಒಂದೇ ಚಪ್ಪರದಲ್ಲಿ ಮಾಡಿ ಖರ್ಚು ಉಳಿಸುವ ಯೋಚನೆ ಇವು ಇಂದಿಗೂ ಪೋಷಕರು ನೀಡುವ ಕಾರಣಗಳು. ಈ ಕಾರಣಗಳನ್ನು ಪರಿಹರಿಸದೆ ತಂದೆತಾಯಿಗಳನ್ನು ಜೈಲಿಗೆ ಕಳುಹಿಸಿದರೆ ಅದೇ ಮಗುವು ಆಧಾರ ಕಳೆದುಕೊಳ್ಳುತ್ತದೆಂಬ ಆಕ್ಷೇಪವನ್ನು ಬಾಲ್ಯವಿವಾಹದ ವಿರೋಧಿಗಳೂ ಎತ್ತಿದ್ದಾರೆ.

ವಯೋಮಿತಿಯ ಪರವಾಗಿ: ಪೋಷಕರ ಅಧಿಕಾರವು ಮಗುವಿನ ಹಿತಕ್ಕಾಗಿ ಇರುವ ಹೊಣೆಗಾರಿಕೆಯೇ ಹೊರತು ಒಡೆತನವಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯು ಪಾಲಕರ ನೇಮಕದಲ್ಲಿ ಅಪ್ರಾಪ್ತರ ಕ್ಷೇಮವೇ ಪರಮ ಪರಿಗಣನೆಯೆಂದು ಹೇಳುತ್ತದೆ. ಪಾಲಕರು ವಿಫಲರಾದಾಗ ರಾಜ್ಯವೇ ಮಗುವಿನ ಪೋಷಕನ ಸ್ಥಾನದಲ್ಲಿ ನಿಲ್ಲಬೇಕೆಂಬುದು ಸ್ಥಾಪಿತ ನ್ಯಾಯತತ್ತ್ವ. ಭಾರತವು 1992ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತಂದೆತಾಯಿಗಳ ಮಾರ್ಗದರ್ಶನದ ಹಕ್ಕನ್ನು ಗೌರವಿಸುತ್ತಲೇ ಮಗುವಿನ ಹಿತಕ್ಕೆ ಪ್ರಾಧಾನ್ಯ ನೀಡುತ್ತದೆ. ಎಳೆಯ ವಯಸ್ಸಿನ ಗರ್ಭಧಾರಣೆಯಿಂದ ತಾಯಿಗೂ ಶಿಶುವಿಗೂ ಅಪಾಯ ಹೆಚ್ಚು. ಶಾಲೆ ಬಿಟ್ಟ ಹುಡುಗಿಗೆ ಮರಳಿ ಓದುವ ಅವಕಾಶ ವಿರಳ. ಮಾಡಿದ ಮದುವೆಯ ಫಲವನ್ನು ಜೀವನಪರ್ಯಂತ ಅನುಭವಿಸುವವಳು ಮಗಳೇ ಹೊರತು ತಂದೆಯಲ್ಲ ಎಂಬುದು ಈ ವಾದದ ತಿರುಳು.

ಹದಿಹರೆಯದವರ ಇಚ್ಛೆಯ ಪ್ರಶ್ನೆ: ಈ ವಿವಾದದಲ್ಲಿ ಮೂರನೆಯ ಪಕ್ಷವೂ ಇದೆ. 16ರಿಂದ 18ರ ವಯಸ್ಸಿನವರು ಸ್ವಂತ ಇಚ್ಛೆಯಿಂದ ಮನೆಬಿಟ್ಟು ಹೋದಾಗ, ಅದನ್ನೊಪ್ಪದ ಪೋಷಕರು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ದೂರು ನೀಡುವುದುಂಟು. ಇಲ್ಲಿ ಸರಕಾರದ ವಯೋಮಿತಿಯು ಪೋಷಕರ ಕೈಯ ಆಯುಧವಾಗಿ ಪರಿಣಮಿಸುತ್ತದೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರ ನವೆಂಬರಿನಲ್ಲಿ ಇಂತಹದೊಂದು ಪ್ರಕರಣದಲ್ಲಿ, ವಾಸ್ತವ ಸ್ಥಿತಿಯನ್ನು ಗಮನಿಸಿ ವಯಸ್ಸಿನ ಮಾನದಂಡವನ್ನು ಪುನರ್ವಿಮರ್ಶಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. 2023ರ ತನ್ನ 283ನೆಯ ವರದಿಯಲ್ಲಿ ಆಯೋಗವು ಸಮ್ಮತಿ ವಯಸ್ಸನ್ನು 18ರಿಂದ ಇಳಿಸಬಾರದೆಂದೂ, 16ರಿಂದ 18 ವರ್ಷದವರ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಲಯಗಳಿಗೆ ವಿವೇಚನಾಧಿಕಾರ ಇರಬೇಕೆಂದೂ ಅಭಿಪ್ರಾಯಪಟ್ಟಿತು. ಪ್ರಾಪ್ತ ವಯಸ್ಕರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ: ಶಫೀನ್ ಜಹಾನ್ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯವು, ಪ್ರಾಪ್ತ ವಯಸ್ಕಳ ಆಯ್ಕೆಯ ಮೇಲೆ ತಂದೆಗಾಗಲಿ ನ್ಯಾಯಾಲಯಕ್ಕಾಗಲಿ ಅಧಿಕಾರವಿಲ್ಲವೆಂದು ಎತ್ತಿಹಿಡಿಯಿತು.

ವಯಸ್ಸನ್ನು 21ಕ್ಕೆ ಏರಿಸುವ ಪ್ರಸ್ತಾಪ

ಹೆಣ್ಣು ಮತ್ತು ಗಂಡಿನ ವಯೋಮಿತಿಯಲ್ಲಿ ಮೂರು ವರ್ಷಗಳ ಅಂತರವೇಕೆಂಬ ಪ್ರಶ್ನೆ ಹಳೆಯದು. ಕಾನೂನು ಆಯೋಗವು 2008ರ 205ನೆಯ ವರದಿಯಲ್ಲಿ ಇಬ್ಬರಿಗೂ 18 ವರ್ಷವನ್ನು ಶಿಫಾರಸು ಮಾಡಿತ್ತು. ಕೇಂದ್ರ ಸರಕಾರವು 2020ರಲ್ಲಿ ಜಯಾ ಜೇಟ್ಲಿಯವರ ನೇತೃತ್ವದ ಕಾರ್ಯಪಡೆಯನ್ನು ರಚಿಸಿ, 2021ರ ಡಿಸೆಂಬರಿನಲ್ಲಿ ಹೆಣ್ಣಿನ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಮಸೂದೆಯು ಸ್ಥಾಯಿ ಸಮಿತಿಗೆ ಹೋಗಿ, 2024ರಲ್ಲಿ ಹದಿನೇಳನೆಯ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಓದು ಮುಗಿಸಲು ಹೆಣ್ಣುಮಕ್ಕಳಿಗೆ ಕಾಲಾವಕಾಶ ದೊರೆಯುವುದೆಂದು ಬೆಂಬಲಿಗರು ಹೇಳಿದರು. ಮತ ಚಲಾಯಿಸಬಲ್ಲ ಯುವತಿಯ ಆಯ್ಕೆಯನ್ನು ಇನ್ನೂ ಮೂರು ವರ್ಷ ಪೋಷಕರ ಹಿಡಿತಕ್ಕೆ ಒಪ್ಪಿಸಿದಂತಾಗುವುದೆಂದು ವಿರೋಧಿಗಳು ವಾದಿಸಿದರು.

2024ರ ಅಕ್ಟೋಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಬಾಲ್ಯವಿವಾಹ ತಡೆಗೆ ವಿವರವಾದ ಮಾರ್ಗಸೂಚಿಗಳನ್ನು ನೀಡಿತು. ಅಪ್ರಾಪ್ತರ ನಿಶ್ಚಿತಾರ್ಥವು ಸಂಗಾತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಸಿಯುವುದರಿಂದ ಅದನ್ನೂ ನಿಷೇಧಿಸುವ ಬಗ್ಗೆ ಸಂಸತ್ತು ಯೋಚಿಸಬಹುದೆಂದಿತು. ವೈಯಕ್ತಿಕ ಕಾನೂನುಗಳಿಗಿಂತ ಈ ಕಾಯ್ದೆ ಮಿಗಿಲೇ ಎಂಬ ಪ್ರಶ್ನೆಯನ್ನು ನ್ಯಾಯಾಲಯವು ಆ ತೀರ್ಪಿನಲ್ಲಿ ಇತ್ಯರ್ಥಪಡಿಸಲಿಲ್ಲ.

ಪ್ರಚಲಿತ ಸ್ಥಿತಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ, 20ರಿಂದ 24 ವರ್ಷದ ಮಹಿಳೆಯರಲ್ಲಿ 18ಕ್ಕೆ ಮುನ್ನ ಮದುವೆಯಾಗಿದ್ದವರ ಪ್ರಮಾಣವು 2005–06ರಲ್ಲಿ ಶೇ. 47.4 ಇದ್ದದ್ದು 2015–16ರಲ್ಲಿ ಶೇ. 26.8ಕ್ಕೂ, 2019–21ರಲ್ಲಿ ಶೇ. 23.3ಕ್ಕೂ ಇಳಿಯಿತು. ಕರ್ನಾಟಕದಲ್ಲಿ ಕೊನೆಯ ಎರಡು ಸಮೀಕ್ಷೆಗಳ ನಡುವೆ ಈ ಪ್ರಮಾಣವು ಶೇ. 21.4ರಿಂದ 21.3ಕ್ಕೆ ಮಾತ್ರ ಇಳಿದಿದೆ. ಅತಿ ಕಠಿಣ ತಿದ್ದುಪಡಿಯನ್ನು ತಂದ ರಾಜ್ಯಗಳಲ್ಲಿ ಒಂದಾದ ಕರ್ನಾಟಕದಲ್ಲಿಯೂ ಬದಲಾವಣೆಯು ನಿಧಾನವಾಗಿರುವುದನ್ನು ಇದು ತೋರಿಸುತ್ತದೆ. ಆದರೆ ಸಮೀಕ್ಷೆಗೆ ಒಳಪಟ್ಟ ಮಹಿಳೆಯರಲ್ಲಿ ಅನೇಕರು 2017ಕ್ಕೆ ಮುನ್ನವೇ ಮದುವೆಯಾಗಿದ್ದವರೆಂಬುದನ್ನು ಗಮನದಲ್ಲಿಡಬೇಕು.

ವಯಸ್ಸಿನ ಪುರಾವೆಯಾಗಿ ಶಾಲಾ ದಾಖಲೆಗೆ ವಿಶೇಷ ಮಹತ್ವವಿದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಅವೆರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಬಾಲ್ಯವಿವಾಹದ ಮಾಹಿತಿಯನ್ನು ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ಮಗುವೇ ಆದರೂ, ಉಚಿತವಾಗಿ ಕರೆಮಾಡಿ ತಿಳಿಸಬಹುದು.

ಇತರ ದೇಶಗಳಲ್ಲಿ

ಪೋಷಕರ ಸಮ್ಮತಿಯಿದ್ದರೆ ವಯೋಮಿತಿಯನ್ನು ಸಡಿಲಿಸುವ ಪದ್ಧತಿಯು ಅನೇಕ ದೇಶಗಳಲ್ಲಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 16–17 ವರ್ಷದವರು ಪೋಷಕರ ಒಪ್ಪಿಗೆಯಿಂದ ಮದುವೆಯಾಗಬಹುದಿತ್ತು. 2023ರ ಫೆಬ್ರುವರಿ 27ರಿಂದ ಈ ಅವಕಾಶವನ್ನು ತೆಗೆದುಹಾಕಲಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಯಾವ ವಿನಾಯಿತಿಯೂ ಇಲ್ಲದೆ 18 ವರ್ಷವನ್ನು ಕಡ್ಡಾಯಗೊಳಿಸಿದ ಮೊದಲ ರಾಜ್ಯ ಡೆಲವೇರ್ (2018). ನೇಪಾಳದಲ್ಲಿ ಗಂಡುಹೆಣ್ಣು ಇಬ್ಬರಿಗೂ 20 ವರ್ಷಗಳ ಮಿತಿಯಿದೆ.

ಕನ್ನಡ ಸಾಹಿತ್ಯದಲ್ಲಿ

ಬಾಲ್ಯವಿವಾಹ ಮತ್ತು ಅದರ ಫಲವಾದ ಬಾಲವೈಧವ್ಯವು ಆಧುನಿಕ ಕನ್ನಡ ಸಾಹಿತ್ಯದ ಆರಂಭದ ವಸ್ತುಗಳಲ್ಲೊಂದು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899) ಕಾದಂಬರಿಯು ಎಳೆಯ ವಿಧವೆಯ ಶಿಕ್ಷಣ ಮತ್ತು ಮರುವಿವಾಹವನ್ನು ಚಿತ್ರಿಸುತ್ತದೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣೊಬ್ಬಳ ದೀರ್ಘ ಬದುಕಿನ ಕಥೆ. ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು.

ಕಾಲಾನುಕ್ರಮ

- 1860 – ಭಾರತೀಯ ದಂಡ ಸಂಹಿತೆ. ಸಮ್ಮತಿ ವಯಸ್ಸು 10.
- 1872 – ವಿಶೇಷ ವಿವಾಹ ಕಾಯ್ದೆ. ವಧುವಿಗೆ 14, ವರನಿಗೆ 18.
- 1891 – ಸಮ್ಮತಿ ವಯಸ್ಸು 12.
- 1894 – ಮೈಸೂರು ಸಂಸ್ಥಾನದ ಶಿಶುವಿವಾಹ ತಡೆ ಶಾಸನ.
- 1929 – ಶಾರದಾ ಕಾಯ್ದೆ. ಹೆಣ್ಣಿಗೆ 14, ಗಂಡಿಗೆ 18.
- 1949 – ಹೆಣ್ಣಿಗೆ 15.
- 1955 – ಹಿಂದೂ ವಿವಾಹ ಕಾಯ್ದೆ. 18ರೊಳಗಿನ ವಧುವಿಗೆ ಪಾಲಕರ ಸಮ್ಮತಿ ಅಗತ್ಯ.
- 1978 – ಹೆಣ್ಣಿಗೆ 18, ಗಂಡಿಗೆ 21. ಪಾಲಕರ ಸಮ್ಮತಿಯ ನಿಯಮ ರದ್ದು.
- 2006 – ಬಾಲ್ಯವಿವಾಹ ನಿಷೇಧ ಕಾಯ್ದೆ.
- 2017 – ಕರ್ನಾಟಕ ತಿದ್ದುಪಡಿಗೆ ಅಂಕಿತ. ವಿವಾಹದೊಳಗಿನ ಸಮ್ಮತಿ ವಯಸ್ಸು 18.
- 2021 – ಹೆಣ್ಣಿನ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆಯ ಮಂಡನೆ.
- 2024 – ಮಸೂದೆಯ ಪತನ. ಬಾಲ್ಯವಿವಾಹ ತಡೆಗೆ ಸರ್ವೋಚ್ಚ ನ್ಯಾಯಾಲಯದ ಮಾರ್ಗಸೂಚಿ.

ಇವನ್ನೂ ನೋಡಿ

- ಬಾಲ್ಯವಿವಾಹ
- ಹರಬಿಲಾಸ ಶಾರದಾ
- ರುಖ್ಮಾಬಾಯಿ
- ಹಿಂದೂ ವಿವಾಹ ಕಾಯ್ದೆ, 1955
- ಮಕ್ಕಳ ಹಕ್ಕುಗಳು